ನೋಡದೆ ಬರೆದ ಸಾಕ್ಷಿ

"ಕೊಲೆಗಡುಕ! ನಮ್ಮಪ್ಪನ್ನ ಗುದ್ದಿ, ಏನೂ ಗೊತ್ತಿಲ್ಲದೋನ ಥರ ಇಲ್ಲಿ ತಂದು ಹಾಕಿದ್ದೀಯಾ?"

ನಂಜನಗೂಡಿನ ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಶಿವರಂಜನಿ ಕೊಟ್ಟ ಏಟಿನ ಸದ್ದು ಔಷಧಿ ಕೌಂಟರಿನವರೆಗೂ ಕೇಳಿಸಿತು. ಚೀಟಿ ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು.

ಏಟು ತಿಂದವನು ಇಪ್ಪತ್ತೇಳು ಇಪ್ಪತ್ತೆಂಟರ ಯುವಕ. ಅಂಗಿಯ ತುಂಬ ರಕ್ತ... ಅದು ತನ್ನ ಅಪ್ಪನ ರಕ್ತ ಎನ್ನುವುದೊಂದೇ ಅವಳಿಗೆ ಕಾಣುತ್ತಿತ್ತು.

"ಮೇಡಮ್, ನಾನಲ್ಲ... ಒಂದು ಬಿಳೀ ಕಾರು ಗುದ್ಬುಟ್ಟು ಓಯ್ತು. ನಾನು ಹಿಂದಿಂದ ಬತ್ತಿದ್ದೆ..."

"ಮುಚ್ಚು ಬಾಯಿ!"

ಅಷ್ಟರಲ್ಲಿ ಅವಳ ಅಣ್ಣ ಶಿವಸ್ವಾಮಿ ಓಡಿಬಂದ. ಹತ್ತಿರದ ಹದಿನಾರು ಎಂಬ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವನು. ಬೆನ್ನಿಗೆ ನಾಲ್ವರು ಗೆಳೆಯರು. ತಂಗಿಯ ಮುಖ ನೋಡಿದ, ಆ ಯುವಕನ ಅಂಗಿ ನೋಡಿದ.

"ರಂಜು, ಇವನೇನಾ?"

ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಗುದ್ದಿದವನು ಗಾಯಾಳುವನ್ನು ಎತ್ತಿಕೊಂಡು ಬಂದು, ತಾಸುಗಟ್ಟಲೆ ಕಾರಿಡಾರಿನಲ್ಲಿ ಕಾಯುತ್ತಾನೆಯೇ? ಆದರೆ ಅವಳು ಯೋಚಿಸಲಿಲ್ಲ.

"ಇವನೇ ಅಣ್ಣ! ಹೊಡೀರಿ!"

ಶಿವಸ್ವಾಮಿ ಕೈಗೆ ಸಿಕ್ಕಿದ್ದು ಗ್ಲೂಕೋಸ್ ಬಾಟಲಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡು. ತಲೆಗೆ ಬೀಳಬೇಕಿದ್ದ ಏಟಿಗೆ ಆ ಯುವಕ ಎಡಗೈ ಅಡ್ಡ ಹಿಡಿದ. ಮೂಳೆ ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

'ನೋಯಲಿ... ಚೆನ್ನಾಗಿ ನೋಯಲಿ!' ಎಂದುಕೊಂಡಳು ನಮ್ಮ ನಾಯಕಿ.

ಅವನ ಹೆಸರು ಸಿದ್ದು. ಮೂಗೂರಿನವನು. ಸ್ವಂತದ ಗೂಡ್ಸ್ ಗಾಡಿಯಲ್ಲಿ ಬಾಳೆಗೊನೆ ತುಂಬಿಕೊಂಡು ನಂಜನಗೂಡು ಮಾರ್ಕೆಟ್ಟಿಗೆ ಬರುತ್ತಿದ್ದ. ಹದಿನಾರು ಇನ್ನೂ ಸ್ವಲ್ಪ ದೂರವಿರುವಾಗ ಬಿಳಿ ಕಾರೊಂದು ಶಿವರಂಜನಿಯ ಅಪ್ಪ ಬಸವಯ್ಯನವರ ಮೊಪೆಡ್ಡಿಗೆ ಹಿಂದಿನಿಂದ ಗುದ್ದಿ, ಒಂದು ಗಳಿಗೆ ನಿಧಾನ ಮಾಡಿ, ಮತ್ತೆ ವೇಗ ಹೆಚ್ಚಿಸಿಕೊಂಡು ಹೋಗಿಬಿಟ್ಟಿತು. ಆಮೇಲೆ ಬಂದ ಮೂರು ವಾಹನಗಳು ಪಕ್ಕಕ್ಕೆ ಸರಿದು ಹೋದವು. ನಾಲ್ಕನೆಯದು ಸಿದ್ದುವಿನದು. ಅವನು ಗೊನೆಗಳನ್ನು ರಸ್ತೆಗೆ ತಳ್ಳಿ, ಟವೆಲ್ ಹಾಸಿ, ಮುದುಕರನ್ನು ಮಲಗಿಸಿಕೊಂಡು ಬಂದಿದ್ದ. ಹತ್ತು ನಿಮಿಷ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಒಳಗೆ ನರ್ಸಿಗೆ ಹೇಳುತ್ತಿದ್ದರು. ಹೊರಗೆ ಆ ಹತ್ತು ನಿಮಿಷ ಉಳಿಸಿದವನ ಮೈಮೇಲೆ ಐದು ಜನ ಬಿದ್ದಿದ್ದರು.

ಅಪಘಾತವಾದರೆ ಗಾಯಾಳುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ ಎಂದು ಗೋಡೆಗೋಡೆಯ ಮೇಲೆ ಬರೆಸುತ್ತಾರೆ. ಹಾಗೆ ಸೇರಿಸಿದವನನ್ನು ಏನು ಮಾಡಬೇಕು ಎಂದು ಯಾರೂ ಬರೆಸಿದಂತಿಲ್ಲ.

* * *

ಪೊಲೀಸರು ದೂರು ಬರೆದು ಕೊಡಿ ಎಂದರು. ಬರೆಯುವುದು ಶಿವರಂಜನಿಗೆ ಹೊಸದಲ್ಲ. ಕೋರ್ಟಿನ ಎದುರು ಮಹದೇವಯ್ಯನವರ ಟೈಪಿಂಗ್ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸವೇ ಅದು.

ಆ ಅಂಗಡಿಯಲ್ಲಿ ಯಾವ ದೂರನ್ನೂ ಮೊದಲಿಂದ ಬರೆಯುವುದಿಲ್ಲ. ಹಳೆಯ ಫೈಲು ತೆಗೆಯುವುದು, ಹೆಸರು ಬದಲಿಸುವುದು, ತಾರೀಖು ಬದಲಿಸುವುದು, ಗಾಡಿ ನಂಬರು ಬದಲಿಸುವುದು. ಉಳಿದದ್ದೆಲ್ಲ ಹಾಗೇ. ಅತಿವೇಗವೂ ಅಜಾಗರೂಕತೆಯೂ ಎಲ್ಲರ ದೂರಿನಲ್ಲೂ ಒಂದೇ ಸಾಲು.

ಅಂದು ಮಧ್ಯಾಹ್ನ ಅವಳು ಹಳೆಯ ಅಪಘಾತದ ಫೈಲು ತೆರೆದಳು. ಅಪ್ಪನ ಹೆಸರು ಹಾಕಿದಳು. ಸಿದ್ದುವಿನ ಗಾಡಿ ನಂಬರು ಹಾಕಿದಳು. ಕೊನೆಗೆ ಆ ಸಾಲು ಬಂತು.

'ಸದರಿ ಘಟನೆಯನ್ನು ನಾನು ಸ್ಥಳದಲ್ಲಿಯೇ ಇದ್ದು ಕಣ್ಣಾರೆ ನೋಡಿರುತ್ತೇನೆ.'

ಘಟನೆ ನಡೆದಾಗ ಅವಳು ಇದೇ ಕುರ್ಚಿಯಲ್ಲಿ ಕೂತು ಯಾರದೋ ಖಾತೆ ಬದಲಾವಣೆಯ ಅರ್ಜಿ ಟೈಪ್ ಮಾಡುತ್ತಿದ್ದಳು.

ಹಿಂದೆ ನಿಂತಿದ್ದ ಮಹದೇವಯ್ಯ ಕನ್ನಡಕ ಸರಿಮಾಡಿಕೊಂಡರು. "ಆ ಸಾಲು ತೆಗಿಯವ್ವ. ನೀನು ಅಲ್ಲಿರಲಿಲ್ವಲ್ಲ."

"ಅದಿಲ್ದಿದ್ರೆ ಕೇಸು ನಿಲ್ಲಲ್ಲ ಅಂತ ನೀವೇ ಎಲ್ಲರಿಗೂ ಹೇಳ್ತಿದ್ರಲ್ಲ ಸಾರ್?"

ಮಹದೇವಯ್ಯ ತಮ್ಮ ಕುರ್ಚಿಗೆ ಮರಳಿದರು. ಹೇಳುತ್ತಿದ್ದದ್ದು ನಿಜ.

ಪ್ರಿಂಟು ಬಂತು. ಸಹಿ ಬಿತ್ತು.

ಸಂಜೆಗೆ ಸಿದ್ದುವಿಗೆ ಠಾಣೆಯಲ್ಲೇ ಜಾಮೀನಾಯಿತು. ಗಾಡಿ ಠಾಣೆಯ ಅಂಗಳದಲ್ಲಿ ಉಳಿಯಿತು. ಆದರೆ ಅವನಿಂದ ಕಿತ್ತುಕೊಂಡದ್ದು ಗಾಡಿಯೊಂದೇ ಆಗಿರಲಿಲ್ಲ. ಎರಡು ವಾರದ ಹಿಂದಷ್ಟೇ ಅವನು ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಆಯ್ಕೆಯಾಗಿದ್ದ. ಪೊಲೀಸ್ ಪರಿಶೀಲನೆ ಮುಗಿದರೆ ಆದೇಶ ಕೈಗೆ ಬರುವುದರಲ್ಲಿತ್ತು. ಅಪಘಾತ ಮಾಡಿ ಸಿಕ್ಕಿಬಿದ್ದವನಿಗೆ ಬಸ್ಸು ಯಾರು ಕೊಡುತ್ತಾರೆ?

* * *

ಹನ್ನೊಂದನೆಯ ದಿನ ಮೈಸೂರಿನ ಆಸ್ಪತ್ರೆಯಲ್ಲಿ ಬಸವಯ್ಯನವರು ಬಾಯಿ ಬಿಟ್ಟರು. ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಅದನ್ನವರು ಕೇಳಲಿಲ್ಲ.

"ಕೂಸೇ... ಆ ಉಡ್ಗ ಎಲ್ಲವ್ನೆ?"

"ಯಾವ ಹುಡುಗ ಅಪ್ಪ?"

"ಬಾಳೆಗೊನೆ ಎಲ್ಲಾ ಬೀದಿಗ್ ತಳ್ಬುಟ್ಟು ನನ್ನ ಮನುಗ್ಸ್ಕಂಡ್ ಬಂದ್ನಲ್ಲ, ಅವ್ನು. ದಾರಿ ಉದ್ದಕ್ಕೂ ಮಾತಾಡಿಸ್ತಾನೇ ಇದ್ದ... ಕಣ್ ಮುಚ್ಬೇಡಿ ಯಜಮಾನ್ರೇ, ಕಣ್ ಮುಚ್ಬೇಡಿ ಅಂತ..."

ಶಿವರಂಜನಿ ಗಂಜಿಯ ಲೋಟ ಕೆಳಗಿಟ್ಟಳು. "ಗುದ್ದಿದ್ದು... ಅವನಲ್ವಾ?"

"ಥೂ, ಬುಡ್ತು ಅನ್ನು! ಗುದ್ದಿದ್ದು ಬಿಳೀ ಕಾರು."

ಅವಳು ಹೊರಗೆ ಬಂದು ಗೋಡೆಗೆ ಒರಗಿದಳು. ಅಯ್ಯೋ ದೇವರೇ... ನಾನೇನು ಮಾಡಿಬಿಟ್ಟೆ!

ಶಿವಸ್ವಾಮಿ ಕೇಳಿಸಿಕೊಂಡ. ಆಮೇಲೆ ಹಲ್ಲು ಕಚ್ಚಿ ಹೇಳಿದ.

"ನೋಡು ರಂಜು, ಅಪ್ಪನ ಹತ್ರ ಪೊಲೀಸ್ರಿಗೆ ನೆನಪಿಲ್ಲ ಅಂತ ಹೇಳಿಸ್ತೀನಿ. ನೀನು ಸುಮ್ಕಿರು. ಈಗ ಬಾಯಿ ಬಿಟ್ರೆ ಕೈ ಮುರಿದಿದ್ದಕ್ಕೆ ನಾನು ಒಳಗೆ, ಸುಳ್ಳು ದೂರಿಗೆ ನೀನು ಒಳಗೆ."

"ಅಣ್ಣ, ಅವರು ಅಪ್ಪನ ಜೀವ ಉಳಿಸಿದ್ದಾರೆ..."

"ಅವ್ರಂತೆ, ಅವ್ರು! ಯಾವ ಬೀದಿಯೋನು ಅಂತ ಗೊತ್ತೇನೇ ನಿಂಗೆ? ಅಂಥೋನ ಮುಂದೆ ನಾನು ಹೋಗಿ ತಲೆ ತಗ್ಗಿಸಬೇಕಾ?"

ಅವಳು ಸುಮ್ಮನಾದಳು. ಹೌದು ಓದುಗರೇ, ನಮ್ಮ ನಾಯಕಿ ಸುಮ್ಮನಾದಳು! ಅಳುತ್ತಿದ್ದಳು, ಊಟ ಬಿಟ್ಟಿದ್ದಳು, ದೇವರಿಗೆ ಕೈ ಮುಗಿಯುತ್ತಿದ್ದಳು... ಠಾಣೆಗೆ ಮಾತ್ರ ಹೋಗಲಿಲ್ಲ. ಅಳುವುದು ಸುಲಭ. ಅಂಗಡಿಯಿಂದ ಠಾಣೆಗೆ ಇದ್ದದ್ದು ಐದು ನಿಮಿಷದ ದಾರಿ.

* * *

ಒಂದು ಬೆಳಿಗ್ಗೆ ಅಂಗಡಿಯ ಮುಂದೆ ನೆರಳು ಬಿತ್ತು. ಅವಳು ತಲೆಯೆತ್ತಿದಳು.

ಸಿದ್ದು! ಎಡಗೈಗೆ ಪ್ಲಾಸ್ಟರು. ಬಲಗೈಯಲ್ಲಿ ಬಸ್ಸಿನ ಕಚೇರಿಯಿಂದ ಬಂದ ಒಂದು ನೋಟೀಸು.

ಅವನಿಗೂ ಗುರುತು ಸಿಕ್ಕಿತು. ತಿರುಗಿ ಹೊರಟವನು ನಿಂತ. "ಬೇರೆ ಅಂಗಡಿ ಎಲ್ಲಾ ಬಾಗ್ಲು ಹಾಕವೆ. ಒಂದು ಅರ್ಜಿ ಟೈಪ್ ಮಾಡ್ಕೊಡ್ತೀರಾ?"

"ಹೇ... ಹೇಳಿ."

"ಪೊಲೀಸ್ ಪರಿಶೀಲನೆಗೆ ಇನ್ನೊಂದಷ್ಟು ಕಾಲಾವಕಾಶ ಕೊಡಿ ಅಂತ. ಕೇಸ್ ಇರೋದು ನಿಜ, ಆದ್ರೆ ತಪ್ಪು ನಂದಲ್ಲ ಅಂತ ಬರೀರಿ." ಸ್ವಲ್ಪ ತಡೆದು ಕೇಳಿದ. "ಅದನ್ನ ನೀವು ಬರೀತೀರಾ?"

ಅವಳು ಬರೆದಳು. ಹಳೆಯ ಫೈಲು ತೆಗೆಯಲಿಲ್ಲ. ಪ್ರತಿ ಅಕ್ಷರವೂ ಬೆರಳು ಸುಡುತ್ತಿತ್ತು. 'ಈಗ ಹೇಳು ರಂಜನಿ... ಈಗಲೇ ಹೇಳಿಬಿಡು!' ಎನ್ನುತ್ತಿತ್ತು ಮನಸ್ಸು. ಅವಳು ಪ್ರಿಂಟು ತೆಗೆದು ಅವನ ಕೈಗೆ ಕೊಟ್ಟಳು.

ಕಾಗದ ಮಡಚಿಕೊಂಡು ಹೊರಟವನು ಬಾಗಿಲಲ್ಲಿ ಕೇಳಿದ. "ನಿಮ್ಮಪ್ಪಾರು ಎಂಗವ್ರೆ?"

ಅವಳಿಗೆ ಅಳು ತಡೆಯಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

"ಅಳಬ್ಯಾಡಿ ಮೇಡಮ್. ಅವತ್ತು ನಿಮ್ ಜಾಗದಲ್ಲಿ ನಾನಿದ್ರೂ ಯಾರಾದ್ರೊಬ್ರ ಕೊರಳಪಟ್ಟಿ ಹಿಡೀತಿದ್ದೆ. ಯಾರೋ ಏನೋ ಹೇಳಿದ್ರು, ನೀವು ನಂಬಿದ್ರಿ. ನಂಗೊತ್ತು."

ಅವನಿಗೆ ಗೊತ್ತಿದ್ದದ್ದು ಅಷ್ಟೇ. ದೂರಿನ ಸಾಲುಗಳನ್ನು ಅವನು ಓದಿರಲಿಲ್ಲ. ವಕೀಲರು ಚಾರ್ಜ್‌ಶೀಟ್ ಬರಲಿ ನೋಡೋಣ ಎಂದು ಕಳಿಸಿದ್ದರು.

ಆಮೇಲೆ ಅವನು ಮತ್ತೆ ಬಂದ. ಇನ್ನೊಂದು ಅರ್ಜಿ, ಇನ್ನೊಂದು ಜ್ಞಾಪನಾಪತ್ರ. ಒಮ್ಮೆ ಬಸವಯ್ಯನವರಿಗೆಂದು ಒಂದು ಚಿಪ್ಪು ರಸಬಾಳೆ ತಂದ. ಅವಳು ಅದನ್ನು ಅಪ್ಪನಿಗೆ ಕೊಟ್ಟಳು, ಯಾರು ಕೊಟ್ಟದ್ದೆಂದು ಹೇಳಲಿಲ್ಲ.

"ನೀವು ಟೈಪ್ ಮಾಡ್ವಾಗ ನಾಲ್ಗೆ ಕಚ್ಕತೀರಿ, ಗೊತ್ತಾ?" ಎಂದ ಒಂದು ದಿನ.

"ಇಲ್ಲಪ್ಪ!"

"ಕಚ್ಕತೀರಿ. ಅಕ್ಷರದ ಕೆಳ್ಗೆ ಗೀರು ಹಾಕೋವಾಗ ಇನ್ನೂ ಜಾಸ್ತಿ."

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ! ನಕ್ಕ ಮರುಕ್ಷಣವೇ ಕೀಬೋರ್ಡಿನತ್ತ ಮುಖ ತಗ್ಗಿಸಿದಳು. ಈ ನಗುವಿಗೆ ನನಗೆ ಹಕ್ಕಿದೆಯಾ?

ಪ್ಲಾಸ್ಟರು ಬಿಚ್ಚಿದ ದಿನ ಅವನು ಸುಮ್ಮನೆ ಬಂದಿದ್ದ, ಯಾವ ಕಾಗದವೂ ಇಲ್ಲದೆ. ಮಣಿಕಟ್ಟು ಸೊಟ್ಟಗೆ ಕೂತಿತ್ತು.

"ನಿಮ್ಮೇಲೆ ಕ್ವಾಪ ಬರ್ಲಿ ಅಂತ ದಿನಾ ಕಾಯ್ತೀನಿ ಕಣ್ರೀ," ಎಂದ ಬೀದಿಯತ್ತ ನೋಡುತ್ತ. "ಬತ್ತಾನೇ ಇಲ್ಲ. ಅದ್ರ ಬದ್ಲು ಇನ್ನೇನೋ ಬತ್ತದೆ... ಏನು ಮಾಡ್ಲಿ?"

ಅವಳ ಮುಖ ಕೆಂಪಾಯಿತು. ಇಷ್ಟು ದಿನ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಅದೇ ಮಾತು! ಹೇಳಬೇಕಾದದ್ದು ಅವಳಿಗೆ ಎರಡಿತ್ತು. ಪ್ರೀತಿಯ ಮಾತನ್ನು ಕಣ್ಣಿನಲ್ಲಿ ಹೇಳಿದಳು. ಇನ್ನೊಂದನ್ನು ನುಂಗಿಕೊಂಡಳು.

* * *

ಚಾರ್ಜ್‌ಶೀಟ್ ಪ್ರತಿ ಬಂದ ದಿನ ಸಿದ್ದು ಅಂಗಡಿಗೆ ನಡೆದು ಬಂದ ರೀತಿಯಲ್ಲೇ ಅವಳಿಗೆ ಗೊತ್ತಾಯಿತು. ಕಾಗದವನ್ನು ಕೀಬೋರ್ಡಿನ ಮೇಲೆ ಇಟ್ಟ.

"ಓದಿ."

"ಸಿದ್ದು..."

"ಓದ್ರೀ! ನಿಮ್ ದೂರಿನ ಕೊನೇ ಸಾಲು."

ಅವಳು ಓದಲಿಲ್ಲ.

"ನೀವು ಅಲ್ಲಿದ್ರಾ?"

"ಇಲ್ಲ."

"ಮತ್ತೆ ಯಾಕೆ ಬರುದ್ರಿ?"

"ಹಳೇ ಫೈಲಲ್ಲಿ ಇತ್ತು. ತೆಗೀಲಿಲ್ಲ."

ಸಿದ್ದು ಅವಳನ್ನೇ ನೋಡಿದ. "ಹಳೇ ಫೈಲಲ್ಲಿ ಇತ್ತು... ಸರಿ. ನಾನಲ್ಲ ಅಂತ ನಿಮಗೆ ಗೊತ್ತಾಗಿದ್ದು ಯಾವಾಗ?"

ಸುಳ್ಳು ಹೇಳಬಹುದಿತ್ತು. ಈ ಸಲ ಹೇಳಲಿಲ್ಲ. "ಅಪ್ಪನಿಗೆ ಮಾತು ಬಂದ ದಿನ. ಹನ್ನೊಂದನೇ ದಿನ."

"ಅಂದ್ರೆ ನಾನು ಇಲ್ಲಿ ನಿಂತ್ಕಂಡು, ತಪ್ಪು ನಂದಲ್ಲ ಅಂತ ಬರೀರಿ ಅಂತ ಕೇಳ್ಕಂಡಾಗ್ಲೂ... ನಿಮಗೆ ಗೊತ್ತಿತ್ತು."

ಅವಳು ತಲೆ ತಗ್ಗಿಸಿದಳು. ಅವನು ನಕ್ಕ. ಆ ನಗು ಏಟಿಗಿಂತ ಕೆಟ್ಟದಾಗಿತ್ತು.

"ನಿಮ್ಮಣ್ಣ ಒಂದೇ ಸಲ ಹೊಡ್ದ. ನೀವು ವಾರ ವಾರ ಕೂರ್ಸಿ, ನಗ್ಸಿ ಹೊಡುದ್ರಿ. ಇನ್ಮೇಲೆ ನನ್ ಕಣ್ಣಿಗೆ ಬೀಳ್ಬ್ಯಾಡಿ."

ಮಾರನೆಯ ದಿನ ಅವಳು ಮೂಗೂರಿಗೆ ಹೋದಳು. ಮನೆ ಹುಡುಕಿಕೊಂಡು ಬಾಗಿಲಲ್ಲಿ ನಿಂತಳು. ಸಿದ್ದುವಿನ ತಾಯಿ ಚಲುವಮ್ಮ ರಾಗಿ ಕೇರುತ್ತಿದ್ದರು. ಮೊರ ನಿಲ್ಲಿಸಲಿಲ್ಲ.

"ಅಮ್ಮ, ನಾನು ಬಸವಯ್ಯನವರ ಮಗಳು. ಕ್ಷಮಿಸಿ ಅಂತ ಕೇಳೋಕೆ..."

"ಗೊತ್ತಾಯ್ತು."

ಬಿಸಿಲು ನೆತ್ತಿಗೆ ಬಂತು. ಅವಳ ಗಂಟಲು ಒಣಗಿತು. "ಸ್ವಲ್ಪ ನೀರು ಕೊಡ್ತೀರಾ ಅಮ್ಮ?"

ಚಲುವಮ್ಮ ಆಗ ತಲೆಯೆತ್ತಿದರು. "ನಮ್ಮನೇಲಿ ನೀರ್ ಕುಡ್ದದ್ದು ಗೊತ್ತಾದ್ರೆ ನಿಮ್ಮೋರು ಮನೆಗ್ ಸೇರಿಸ್ತಾರೇನವ್ವಾ? ನಿಮ್ಮೋರು ನಮ್ಮನ್ನ ಮುಟ್ಟದು ಒಡಿಯಕ್ಕೆ ಮಾತ್ರ." ಎದ್ದು ಒಳಗೆ ಹೋಗಿ ಒಂದು ಚೆಂಬು ನೀರು ತಂದು ಕಟ್ಟೆಯ ಮೇಲೆ ಇಟ್ಟರು. "ಕುಡ್ಕಂಡು ಓಗು. ಇನ್ನೊಂದ್ಸಲ ಬರಬ್ಯಾಡ."

ಅವಳು ನೀರು ಕುಡಿದಳು. ಬಸ್ಸಿನಲ್ಲಿ ಕೂತು ಬರುವಾಗ ಅಳಲಿಲ್ಲ. ಅತ್ತದ್ದು ಸಾಕೆನ್ನಿಸಿತ್ತು.

* * *

ಕೋರ್ಟಿನಲ್ಲಿ ಅವಳೇ ಮೊದಲ ಸಾಕ್ಷಿ. ಎರಡನೆಯ ಸಾಕ್ಷಿ ಬಸವಯ್ಯ. ಮೂಗೂರಿನಿಂದ ಬಂದ ರಾತ್ರಿಯೇ ಅವಳು ಅಪ್ಪನಿಗೆ ಎಲ್ಲವನ್ನೂ ಹೇಳಿ, ಕೋರ್ಟಿನಲ್ಲಿ ನಿಜ ಹೇಳುವುದಾಗಿ ತಿಳಿಸಿದ್ದಳು. ಮಗಳ ಜೊತೆ ನಾನೂ ಬಂದು ನಿಜ ಹೇಳುತ್ತೇನೆ ಎಂದು ಅವರು ಹಟ ಹಿಡಿದಿದ್ದರು. ಆ ದಿನ ಬೆಳಿಗ್ಗೆ ಶಿವಸ್ವಾಮಿ ಅಪ್ಪನ ಊರುಗೋಲು ತೆಗೆದು ಅಂಗಡಿಯ ಗೊಬ್ಬರದ ಮೂಟೆಗಳ ಹಿಂದೆ ಹಾಕಿ ಬಾಗಿಲಿಗೆ ಬೀಗ ಜಡಿದ. ಒಂಟಿ ಕಾಲಿನ ಮುದುಕರು ಮಂಚದ ಮೇಲೆ ಕೂತು ಮಗನನ್ನು ನೋಡುತ್ತಲೇ ಉಳಿದರು.

ಅವಳು ಒಬ್ಬಳೇ ಬಂದಳು. ಹಿಂದಿನ ಬೆಂಚಿನಲ್ಲಿ ಅಣ್ಣ. ಪಕ್ಕದ ಗೋಡೆಯ ಬಳಿ ಸಿದ್ದು.

"ಹೇಳಮ್ಮ. ಆರೋಪಿ ಅಪಘಾತ ಮಾಡಿದ್ದನ್ನ ನೀನು ನೋಡಿದ್ಯಲ್ಲ?" ಸರ್ಕಾರಿ ವಕೀಲರು ಕೇಳಿದರು.

"ಇಲ್ಲ."

"ಅಂದ್ರೆ?"

"ನಾನು ಅಲ್ಲಿರಲಿಲ್ಲ. ಇದೇ ಕೋರ್ಟಿನ ಎದುರು ಅಂಗಡೀಲಿ ಟೈಪ್ ಮಾಡ್ತಾ ಇದ್ದೆ. ದೂರಿನಲ್ಲಿರೋದು ಸುಳ್ಳು. ಇವರು ಗುದ್ದಲಿಲ್ಲ, ನಮ್ಮಪ್ಪನ್ನ ಉಳಿಸಿದ್ರು."

ಕೋರ್ಟು ಗುಜುಗುಜು ಎಂದಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಸುಳ್ಳು ದೂರು ಕೊಟ್ಟಿದ್ದಕ್ಕೆ ನಿಮ್ಮ ಮೇಲೆ ಕ್ರಮ ಆಗಬಹುದು. ಗೊತ್ತಿದೆಯಾ?"

"ಗೊತ್ತಿದೆ ಸ್ವಾಮಿ. ಅಂಥ ಅರ್ಜಿಗಳನ್ನೂ ನಾನೇ ಟೈಪ್ ಮಾಡಿದ್ದೀನಿ." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇನ್ನೊಂದು ಬರ್ಕೊಳ್ಳಿ. ಇವರ ಕೈ ಮುರಿದಿದ್ದು ನಮ್ಮಣ್ಣ ಶಿವಸ್ವಾಮಿ. ಹೊಡೀರಿ ಅಂದಿದ್ದು ನಾನು. ಅದನ್ನ ಮಾತ್ರ ಕಣ್ಣಾರೆ ನೋಡಿದ್ದೀನಿ!"

ಸಿದ್ದು ತಲೆಯೆತ್ತಲಿಲ್ಲ. ಅವಳು ಕಟಕಟೆ ಇಳಿದು ಅವನ ಪಕ್ಕದಲ್ಲೇ ಹಾದುಹೋದಳು. ಆಗಲೂ ನೋಡಲಿಲ್ಲ.

ಮನೆಗೆ ಬಂದಾಗ ಅವಳ ಬಟ್ಟೆಯ ಬ್ಯಾಗು ಜಗಲಿಯ ಮೇಲಿತ್ತು.

"ಅಣ್ಣನ್ನ ಜೈಲಿಗೆ ಕಳ್ಸೋಳು ಈ ಮನೇಲಿ ಇರಂಗಿಲ್ಲ. ಅವ್ನ ಬೀದೀಲೇ ಹೋಗಿ ಬಾಳು, ಹೋಗೇ!" ಎಂದು ಶಿವಸ್ವಾಮಿ ಬಾಗಿಲಿಗೆ ಅಡ್ಡ ನಿಂತ.

ಒಳಗಿಂದ ಬಸವಯ್ಯನವರು ಕೂಗುತ್ತಿದ್ದರು. "ಕೂಸೇ... ಓಗ್ಬ್ಯಾಡ ಕೂಸೇ... ನನ್ ಕೋಲ್ ಕೊಡ್ರೋ ಯಾರಾದ್ರೂ..."

ಯಾರೂ ಕೊಡಲಿಲ್ಲ. ಅಪ್ಪನ ಆ ಕೂಗು ಕೇಳಿಸುತ್ತಿದ್ದಂತೆಯೇ ಅವಳು ಬ್ಯಾಗು ಎತ್ತಿಕೊಂಡು ಬಸ್ ಸ್ಟಾಪಿಗೆ ನಡೆದಳು.

* * *

ಟಿ. ನರಸೀಪುರದಲ್ಲಿ ತಾಲ್ಲೂಕು ಕಚೇರಿಯ ಹತ್ತಿರ ಇನ್ನೊಂದು ಟೈಪಿಂಗ್ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಇರುವುದಕ್ಕೆ ಒಂದು ಸಣ್ಣ ರೂಮು. ದೂರು ಬರೆಸಲು ಬಂದವರನ್ನೆಲ್ಲ ಕೂರಿಸಿ ಮೊದಲಿಂದ ಕೇಳಿ ಬರೆಯುತ್ತಿದ್ದಳು. ಈ ಹುಡುಗಿ ಬಹಳ ನಿಧಾನ ಎಂದು ಜನ ಗೊಣಗುತ್ತಿದ್ದರು.

ಸುಳ್ಳು ದೂರಿಗೆ ಅವಳ ಮೇಲೆ ನೋಟೀಸು ಬಂತು. ಶಿವಸ್ವಾಮಿಯ ಮೇಲೆ ಕೇಸಾಯಿತು. ಸಿದ್ದು ನಿರ್ದೋಷಿ ಎಂದು ತೀರ್ಪಾಯಿತು. ಆ ಬಿಳಿ ಕಾರು? ಅದು ಸಿಗಲಿಲ್ಲ ಓದುಗರೇ. ಇವತ್ತಿಗೂ ಸಿಕ್ಕಿಲ್ಲ. ಅದರೊಳಗಿದ್ದವನು ಎಲ್ಲೋ ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿದ್ದಾನೆ.

ತೀರ್ಪು ಬಂದು ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಅಂಗಡಿಯ ಮುಂದೆ ಗೂಡ್ಸ್ ಗಾಡಿಯೊಂದು ಕಿರುಗುಟ್ಟುತ್ತ ನಿಂತಿತು. ಹಿಂದೆ ಹಾರ್ನು ಹೊಡೆಯುತ್ತಿದ್ದವರು ಬೈದುಕೊಂಡು ಮುಂದೆ ಹೋದರು.

ಇಳಿದವನನ್ನು ನೋಡಿ ಅವಳು ಎದ್ದು ನಿಂತಳು.

"ಮೂಗೂರಿಂದ ಎರಡನೇ ಗೇರಲ್ಲೇ ಬಂದೆ," ಎಂದ ಸಿದ್ದು. ಮುಖ ಬಾಡಿತ್ತು. "ಮೂರನೇದಕ್ಕೆ ಕೈ ತಿರುಗಕಿಲ್ಲ."

"ಸಿದ್ದು... ಬಸ್ಸಿನ ಕೆಲಸ?"

"ಮೆಡಿಕಲ್ ಟೆಸ್ಟಲ್ಲಿ ತೆಗೆದಾಕುದ್ರು. ಕೇಸ್ ಇಲ್ಲ ಅಂತ ಸಂತೋಸ ಪಟ್ರು, ಕೈ ತೋರ್ಸು ಅಂದ್ರು. ಮಣಿಕಟ್ಟು ಇನ್ ಸರಿ ಹೋಗಕಿಲ್ಲವಂತೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲ ಹೇಳಿ, ಎಲ್ಲ ಕಳೆದುಕೊಂಡು... ಕೊನೆಗೆ ಅವನಿಗೆ ಏನನ್ನೂ ಮರಳಿಸಲಾಗಲಿಲ್ಲ!

"ನಿಮ್ಮನ್ನ ನಾನು ಕ್ಷಮಿಸಿಲ್ಲ," ಎಂದ.

"ಗೊತ್ತು."

"ಮುಂದೆ ಕ್ಷಮಿಸ್ತೀನಾ ಅನ್ನೋದೂ ಗೊತ್ತಿಲ್ಲ."

"ಅದನ್ನ ನಾನು ಕೇಳಲ್ಲ ಸಿದ್ದು."

"ಆದ್ರೆ ಕೆಲ್ಸ ಇಲ್ಲ ಅಂತ ಆ ಡಾಕ್ಟ್ರು ಯೋಳ್ದಾಗ, ಮೊದ್ಲು ಯಾರತ್ರ ಕೂತ್ಕಂಡು ಅಳ್ಬೇಕು ಅನ್ನಿಸ್ತು ಗೊತ್ತಾ? ಅವ್ವನ ಅತ್ರ ಅಲ್ಲ. ನಿನ್ನತ್ರ. ಅದಕ್ಕೆ ನನ್ ಮ್ಯಾಲೇ ನಂಗೆ ಸಿಟ್ಟು ಬಂದು, ಒಂದು ವಾರ ಮನೇಲೇ ಕೂತಿದ್ದೆ. ಆಗ್ಲಿಲ್ಲ. ಬಂದ್ಬುಟ್ಟೆ."

ನಿನ್ನತ್ರ... ಮೊದಲ ಸಲ ಹಾಗೆ ಕರೆದಿದ್ದ. ಅವಳ ಕಣ್ಣು ತುಂಬಿ ಹರಿಯಿತು.

"ಸಿದ್ದು, ಪ್ರೀತಿಸ್ತೀನಿ ಅಂತ ಹೇಳೋ ಯೋಗ್ಯತೆ ನನಗೆ ಉಳಿದಿಲ್ಲ."

"ಯೋಳ್ಬ್ಯಾಡ. ಗಾಡಿ ಅತ್ಕೋ."

"ಎಲ್ಲಿಗೆ?"

"ಅವ್ವನ ಅತ್ರ. ಬೈತಾಳೆ. ಚೆನ್ನಾಗಿ ಬೈತಾಳೆ."

"ಬೈಸ್ಕೋತೀನಿ."

"ವರ್ಸಗಟ್ಲೆ ಬೈಬೌದು."

"ವರ್ಷಗಟ್ಟಲೆ ಬೈಸ್ಕೋತೀನಿ."

ಅವಳು ಹತ್ತಿ ಎಡಕ್ಕೆ ಕೂತಳು. ಗಾಡಿ ಹೊರಟು ಬಸ್ ಸ್ಟ್ಯಾಂಡ್ ದಾಟಿತು. ಎರಡನೆಯ ಗೇರಿನಲ್ಲಿ ಇಂಜಿನ್ನು ಒರಲುತ್ತಿತ್ತು. ಸಿದ್ದು ಎಡಗೈ ಗೇರಿನ ಮೇಲಿಟ್ಟು ಹಲ್ಲು ಕಚ್ಚಿ ತಳ್ಳಿದ. ನೋವಿಗೆ ಹಣೆಯ ನರ ಉಬ್ಬಿತು. ಗೇರು ಕದಲಲಿಲ್ಲ.

ಅವಳು ತನ್ನ ಬಲಗೈಯನ್ನು ಮೆಲ್ಲಗೆ ಆ ಸೊಟ್ಟ ಕೈಯ ಮೇಲಿಟ್ಟಳು. ಅವನು ಕೈ ಎಳೆದುಕೊಳ್ಳಲಿಲ್ಲ.

"ಕ್ಲಚ್ ತುಳೀತೀನಿ. ನಾನು ಅಂದಾಗ ಮುಂದಕ್ಕೆ ತಳ್ಳು."

"ತಪ್ಪಾದ್ರೆ?"

"ಗಾಡಿ ನಿಂತೋಯ್ತದೆ. ಮತ್ತೆ ಸ್ಟಾರ್ಟ್ ಮಾಡುಮಾ."

"ಈಗಾ ಸಿದ್ದು?"

"ಊಂ... ಈಗ."